ವಾಲಿದ ಹಲಸಿನ ಮರ: ಮರಮುಟ್ಟಿಗೂ ಮದ್ದಿಗೂ ಎಷ್ಟು ಉಪಯುಕ್ತ?

ಪ್ರಶ್ನೆ:
ಪುತ್ತೂರಿನ ಸಮೀಪ ನಮ್ಮ ಮನೆಯ ಹಿಂದೆ ಅಜ್ಜ ನೆಟ್ಟಿದ್ದ ಬಕ್ಕೆ ಹಲಸಿನ ಮರವು ಕಳೆದ ಮಳೆಗಾಲದಲ್ಲಿ ಬುಡ ಸಡಿಲಗೊಂಡು ಗೋಡೆಯ ಕಡೆಗೆ ವಾಲಿರುವುದರಿಂದ ಕಡಿಸದೆ ವಿಧಿಯಿಲ್ಲ. ಬುಡದ ಸುತ್ತಳತೆ 7 ಅಡಿ ಇದ್ದರೂ ವ್ಯಾಪಾರಿಯೊಬ್ಬರು ಸೌದೆಯ ಬೆಲೆಗೆ ಕೇಳುತ್ತಿದ್ದಾರೆ. ಇದನ್ನು ದಾರಂದಕ್ಕೆ (ಬಾಗಿಲ ಚೌಕಟ್ಟಿಗೆ) ಬಳಸಬಹುದೇ? ಅಜ್ಜಿ ಹಲಸಿನ ಮೇಣವನ್ನು ಕುರುವಿಗೆ ಹಚ್ಚುತ್ತಿದ್ದರು, ಎಲೆ ಸುಟ್ಟ ಬೂದಿಯನ್ನು ಗಾಯಕ್ಕೆ ಉದುರಿಸುತ್ತಿದ್ದರು. ಇವುಗಳಲ್ಲಿ ಹುರುಳಿದೆಯೇ?

ಉತ್ತರ 1:
ದಯವಿಟ್ಟು ಸೌದೆಗೆ ಕೊಡಬೇಡಿ. ಹಲಸಿನ ಬೆಲೆ ಇರುವುದು ಅದರ ಕೆಚ್ಚಿನಲ್ಲಿ, ಅಂದರೆ ಕಾಂಡದ ಒಳಗಿನ ಗಟ್ಟಿ ಭಾಗದಲ್ಲಿ. ಕಡಿದಾಗ ಅರಿಸಿನದಂತೆ ಹಳದಿಯಾಗಿರುವ ಅದು ಗಾಳಿ ಬೆಳಕಿಗೆ ಒಡ್ಡಿಕೊಂಡಂತೆ ಕಂದು ಬಣ್ಣಕ್ಕೆ ತಿರುಗುತ್ತದೆ, ಗೆದ್ದಲಿಗೂ ಸುಲಭವಾಗಿ ಬಗ್ಗುವುದಿಲ್ಲ. ಹೊರಗಿನ ಬಿಳಿಯ ಭಾಗಕ್ಕೆ ಮಾತ್ರ ಹುಳು ಬೇಗ ಬೀಳುವುದರಿಂದ ಕೊಯ್ಯಿಸುವಾಗಲೇ ಅದನ್ನು ತೆಗೆಸಿ, ಹಲಗೆಗಳ ನಡುವೆ ಗಾಳಿಯಾಡುವಂತೆ ಪಟ್ಟಿ ಇಟ್ಟು, ನೆರಳಿನಲ್ಲಿ ಒಣಗಿಸಿದ ಮೇಲೆಯೇ ದಾರಂದ ಮಾಡಿಸಿ. ವೀಣೆಯ ಕೊಡ, ಮೃದಂಗದ ಕಳಸಿ (ಮರದ ಒಡಲು), ತುಳುನಾಡಿನ ದೈವಗಳ ಮರದ ಮೂರ್ತಿ ಎಲ್ಲವೂ ಈ ಮರದಿಂದಲೇ ಆಗುತ್ತವೆ. ಒಂದೇ ದಿಮ್ಮಿಯಲ್ಲಿ ಕೊರೆದ ಏಕಾಂಡ ವೀಣೆಗಂತೂ ನಿಮ್ಮ ಮರದಂತಹ ದಪ್ಪ ಕಾಂಡವೇ ಬೇಕು. ಕೆಚ್ಚಿನ ಚಕ್ಕೆಯನ್ನು ಕುದಿಸಿ ತೆಗೆದ ಹಳದಿ ಬಣ್ಣದಲ್ಲಿ ಬರ್ಮಾ, ಥಾಯ್ಲೆಂಡಿನ ಬೌದ್ಧ ಭಿಕ್ಷುಗಳು ತಾವು ಉಡುವ ಚೀವರ ಎಂಬ ವಸ್ತ್ರಕ್ಕೆ ಬಣ್ಣ ಹಾಕುತ್ತಿದ್ದರು. ಕಡಿಸುವ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ಅನುಮತಿಯ ವಿಚಾರವನ್ನು ಕೇಳಿಕೊಳ್ಳಿ.

ಉತ್ತರ 2:
ಮದ್ದಿನ ವಿಚಾರದಲ್ಲಿ ನಾನು ಸ್ವಲ್ಪ ಹಿಂಜರಿಯುತ್ತೇನೆ. ಮೇಣ ಮತ್ತು ಬೂದಿಯ ಬಳಕೆ ಹಲವು ಊರುಗಳ ರೂಢಿಯೇ ಆದರೂ, ಮೇಣವು ಕೆಲವರ ಚರ್ಮಕ್ಕೆ ಉರಿ, ತುರಿಕೆ ತರುತ್ತದೆ. ಬಾಯ್ದೆರೆದ ಗಾಯಕ್ಕೆ ಬೂದಿ ಹಾಕಿದರೆ ಸೋಂಕು ತಗಲಬಹುದು. ಹಣ್ಣಿನ ಮಾತು ಬೇರೆ: ಅದು ತಂಪು, ಆದರೆ ಜೀರ್ಣಕ್ಕೆ ಭಾರ, ಮಂದಾಗ್ನಿಯವರು ತಿನ್ನಬಾರದು ಎಂದು ಆಯುರ್ವೇದ ಹೇಳುತ್ತದೆ. ‘ಹಸಿದು ಹಲಸು, ಉಂಡು ಮಾವು’ ಎಂಬ ಗಾದೆಯೂ ಅದನ್ನೇ ಹೇಳುತ್ತದೆ. ಮಧುಮೇಹಕ್ಕೆ ಔಷಧಿ ಸೇವಿಸುತ್ತಿರುವವರು ಎಲೆಯ ಕಷಾಯವನ್ನು ವೈದ್ಯರನ್ನು ಕೇಳದೆ ಕುಡಿಯಬಾರದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ದಿಮ್ಮಿಯನ್ನು ಕೊಯ್ಯಿಸಿ ಕೊಟ್ಟಿಗೆಯ ಅಟ್ಟದಲ್ಲಿ ಒಣಗಿಸಲು ನಿರ್ಧರಿಸಿದ್ದೇವೆ. ಕಡಿಯುವ ದಿನ ಸಿಗುವ ಎಲೆಗಳನ್ನು ಕೊಟ್ಟೆ ಕಡುಬಿಗೆ ತೆಗೆದಿಡಬೇಕೆಂದು ಅಮ್ಮ ಈಗಲೇ ಹೇಳಿಯಾಗಿದೆ.