‘ಪವಾಡ’, ‘ಸೂಚಕಕಾರ್ಯ’, ‘ಮಹತ್ಕಾರ್ಯ’: ಬಳಕೆಯ ಬಗ್ಗೆ ಒಂದು ಪ್ರಶ್ನೆ

ಕ್ರೈಸ್ತ ಮಿಷನರಿಗಳ ಚರಿತ್ರೆಯನ್ನು ಕನ್ನಡದಲ್ಲಿ ಬರೆಯುವಾಗ ಕುಂಟರು ನಡೆದದ್ದು, ದೆವ್ವ ಬಿಟ್ಟದ್ದು, ಸತ್ತವರು ಎದ್ದದ್ದು ಎಲ್ಲವನ್ನೂ ‘ಪವಾಡ’ ಎಂಬ ಒಂದೇ ಪದದಿಂದ ಸೂಚಿಸುವುದು ರೂಢಿ. ಕನ್ನಡ ಬೈಬಲ್ಲಿನ ‘ಸೂಚಕಕಾರ್ಯ’, ‘ಅದ್ಭುತಕಾರ್ಯ’, ‘ಮಹತ್ಕಾರ್ಯ’ಗಳು ಕ್ರೈಸ್ತ ಸಭೆಯ ಹೊರಗಿನ ಬರಹಕ್ಕೆ ಅಷ್ಟಾಗಿ ಬಂದಿಲ್ಲ. ಮೂರನ್ನೂ ಪವಾಡವೆಂದೇ ಕರೆದರೆ ಅರ್ಥಕ್ಕೆ ಕುಂದುಂಟಾಗುವುದೇ ಎಂಬುದು ನನ್ನ ಪ್ರಶ್ನೆ. ಉಂಟಾಗುತ್ತದೆ ಎಂದೇ ನನಗೆ ತೋರುತ್ತದೆ.

ಈ ಮೂರು ಪದಗಳ ಹಿಂದಿರುವ ಗ್ರೀಕ್ ಮೂಲದಲ್ಲಿ, ಕ್ರಮವಾಗಿ, ಸೇಮೆಯೋನ್ ಎಂದರೆ ಗುರುತು, ತೆರಸ್ ಎಂದರೆ ಬೆರಗು ಹುಟ್ಟಿಸುವಂಥದ್ದು, ದುನಮಿಸ್ ಎಂದರೆ ಬಲ ಅಥವಾ ಬಲದ ಕೆಲಸ. ಬೈಬಲ್ಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯಲ್ಲಿ ತೆರಸ್ ಎಲ್ಲಿಯೂ ಒಂಟಿಯಾಗಿ ಬರುವುದಿಲ್ಲ, ಅದರ ಜೊತೆಗೆ ಸೇಮೆಯೋನ್ ಇದ್ದೇ ಇರುತ್ತದೆ. ಬೆರಗೊಂದೇ ಸಾಲದು, ಅದು ಯಾವುದರ ಗುರುತು ಎಂಬುದೂ ತಿಳಿಯಬೇಕು ಎಂಬಂತೆ. ಯೋಹಾನನ ಸುವಾರ್ತೆಯಂತೂ ದುನಮಿಸ್ ಪದವನ್ನು ಬಳಸುವುದೇ ಇಲ್ಲ. ನಮ್ಮ ‘ಪವಾಡ’ದ ಒಲವು ಬೇರೆ ಕಡೆಗಿದೆ. ‘ಪವಾಡ ಮೆರೆದರು’ ಎನ್ನುತ್ತೇವೆ, ಮೆರೆದವರನ್ನು ‘ಪವಾಡಪುರುಷ’ ಎನ್ನುತ್ತೇವೆ. ಪದದ ಬೆಳಕೆಲ್ಲ ಮಾಡಿದವರ ಮೇಲೆಯೇ ಬೀಳುತ್ತದೆ.

ಮಿಷನರಿ ಕಾರ್ಯದ ಮೊದಲ ದಾಖಲೆಯಾದ, ಹೊಸ ಒಡಂಬಡಿಕೆಯ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದಲ್ಲಿ ನಡೆಯುವ ಜಗಳವೇ ಇದು. ಲುಸ್ತ್ರ ಎಂಬ ಊರಿನಲ್ಲಿ ಹುಟ್ಟುಕುಂಟನೊಬ್ಬನು ಎದ್ದು ನಡೆದಾಗ ಊರಿನವರು, ಸುವಾರ್ತೆ ಸಾರಲು ಬಂದಿದ್ದ ಬಾರ್ನಬನನ್ನು ಗ್ರೀಕ್ ದೇವರಾದ ಜ್ಯೂಸ್ ಎಂದೂ ಪೌಲನನ್ನು ಹರ್ಮೀಸ್ ದೇವರೆಂದೂ ತಿಳಿದು ಬಲಿ ಕೊಡಲು ಎತ್ತುಗಳನ್ನೂ ಹಾರಗಳನ್ನೂ ತಂದರು. ಇವರಿಬ್ಬರೂ ಬಟ್ಟೆ ಹರಿದುಕೊಂಡು, ನಾವೂ ನಿಮ್ಮಂಥ ಮನುಷ್ಯರೇ ಎಂದು ಕೂಗಿ ಹೇಳಬೇಕಾಯಿತು. ಜನರು ಕಂಡದ್ದು ಪವಾಡವನ್ನು, ಅವರು ತೋರಿಸಹೊರಟದ್ದು ಸೂಚಕಕಾರ್ಯವನ್ನು. ಇಂಗ್ಲೆಂಡಿನಲ್ಲಿ ಸುವಾರ್ತೆ ಸಾರುತ್ತಿದ್ದ ಕ್ಯಾಂಟರ್‌ಬರಿಯ ಅಗಸ್ಟೀನನಿಗೆ 601ರಲ್ಲಿ ಪೋಪ್ ಗ್ರೆಗೊರಿ ಬರೆದ ಪತ್ರದಲ್ಲಿಯೂ ಇದೇ ಅಂಜಿಕೆಯಿದೆ: ಇಂಥ ಕಾರ್ಯಗಳಿಂದ ಜನರ ಮನಸ್ಸು ಒಳಗಿನ ಕೃಪೆಯ ಕಡೆಗೆ ತಿರುಗುತ್ತಿದೆಯೆಂದು ಸಂತೋಷಪಡು, ಆದರೆ ಅವುಗಳಿಂದ ನಿನ್ನ ಮನಸ್ಸು ಉಬ್ಬದಂತೆ ನೋಡಿಕೊ ಎಂಬುದು ಅದರ ತಾತ್ಪರ್ಯ. ಪಡೆದ ವರವನ್ನೇ ಅಪಾಯವೆಂದು ಎಚ್ಚರಿಸುವ ಈ ಧ್ವನಿ ‘ಪವಾಡ’ ಎಂದೊಡನೆ ಅಡಗಿಹೋಗುತ್ತದೆ.

‘ಶಕ್ತಿ’ಯ ತೊಡಕು ಬೇರೆಯದು. ಹನ್ನೆರಡು ಮಂದಿ ಶಿಷ್ಯರನ್ನು ಕಳುಹಿಸುವಾಗ ಯೇಸು ಅವರಿಗೆ ದುನಮಿಸ್ ಮತ್ತು ಎಕ್ಸೂಸಿಯ ಎರಡನ್ನೂ ಕೊಟ್ಟನೆಂದು ಸುವಾರ್ತೆಕಾರ ಲೂಕನು ಬರೆಯುತ್ತಾನೆ: ಮಾಡುವ ಬಲ, ಮಾಡಲು ಅಧಿಕಾರ. ಸಮಾರ್ಯದ ಮಂತ್ರವಾದಿ ಸಿಮೋನನನ್ನು ಜನರು ಮೊದಲೇ ದೇವರ ದುನಮಿಸ್ ಎಂದು ಕರೆಯುತ್ತಿದ್ದರು. ಅವನು ಪೇತ್ರನೇ ಮೊದಲಾದ ಶಿಷ್ಯರಿಗೆ ಹಣ ಕೊಟ್ಟು ಕೊಳ್ಳಬಯಸಿದ್ದು ಎಕ್ಸೂಸಿಯವನ್ನು, ಅಧಿಕಾರವನ್ನು. ಎರಡನ್ನೂ ‘ದೈವಶಕ್ತಿ’ ಎಂದು ಅನುವಾದಿಸಿದರೆ ಪೇತ್ರನು ಅವನನ್ನು ಅಷ್ಟು ಕಟುವಾಗಿ ಗದರಿಸಿದ್ದೇಕೆಂಬುದು ಓದುಗರಿಗೆ ಹೊಳೆಯಲಾರದು.

ಈಚಿನ ಒಂದು ಪಾರಿಭಾಷಿಕ ಪದವೂ ನನ್ನನ್ನು ಕಾಡುತ್ತಿದೆ. ಮಿಷನ್ ಅಧ್ಯಯನಕಾರ ಅಲನ್ ಟಿಪೆಟ್ ‘ಪವರ್ ಎನ್‌ಕೌಂಟರ್’ (ಶಕ್ತಿಗಳ ಮುಖಾಮುಖಿ) ಎಂದದ್ದು ಮುಖ್ಯವಾಗಿ ಪೆಸಿಫಿಕ್ ದ್ವೀಪಗಳ ಜನರು ತಾವು ಹಿಂದೆ ಅಂಜಿ ಪೂಜಿಸುತ್ತಿದ್ದ ವಸ್ತುಗಳನ್ನು ಎಲ್ಲರೆದುರಿಗೆ ತಾವೇ ನಾಶಮಾಡಿ ನಿಷ್ಠೆ ಬದಲಿಸಿದ ಸಂದರ್ಭವನ್ನು. 1982ರಲ್ಲಿ ಅಮೆರಿಕದ ಫುಲ್ಲರ್ ಸೆಮಿನರಿ ಎಂಬ ದೇವಶಾಸ್ತ್ರ ಶಾಲೆಯಲ್ಲಿ ಸೂಚಕಕಾರ್ಯಗಳ ಕುರಿತು ಪಾಠ ಆರಂಭಿಸಿದ ಜಾನ್ ವಿಂಬರ್ ಮತ್ತು ಸಂಗಡಿಗರು ಅದೇ ಪದವನ್ನು ರೋಗಶಮನಕ್ಕೂ ದೆವ್ವ ಬಿಡಿಸುವುದಕ್ಕೂ ವಿಸ್ತರಿಸಿದರು. ಇದನ್ನು ಕನ್ನಡದಲ್ಲಿ ‘ಶಕ್ತಿಸಂಘರ್ಷ’ ಎಂದರೆ ಎರಡು ಬಲಗಳು ಸೆಣಸುವ ಚಿತ್ರವಷ್ಟೇ ಸಿಗುತ್ತದೆ, ನಿಷ್ಠೆ ಬದಲಿಸಿದ ಮನುಷ್ಯನು ಮರೆಯಾಗುತ್ತಾನೆ. ‘ಬಲಪರೀಕ್ಷೆ’ ತುಸು ಮೇಲೆನಿಸಿದರೂ ಕುಸ್ತಿಯ ಕಣದ ವಾಸನೆ ಬಿಟ್ಟಿಲ್ಲ. ಈ ಎರಡೂ ಅರ್ಥಗಳಿಗೆ ಒಂದೇ ಪದ ಸಾಕೇ, ಟಿಪೆಟ್ಟನ ಅರ್ಥಕ್ಕೆ ಬೇರೆಯದೇ ಬೇಕೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.