ಎಲ್ಲವನ್ನೂ ನಾನೇ ತಿದ್ದಬೇಕು ಅನ್ನಿಸುತ್ತದೆ, ಇದು ಶಿಸ್ತಾ, ಕಾಯಿಲೆಯಾ?

ಪ್ರಶ್ನೆ: ನಮಸ್ತೆ ಮೇಡಂ. ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರ್ ಆಗಿದ್ದೇನೆ. ಪಾಠ ಟಿಪ್ಪಣಿ, ಅಂಕಪಟ್ಟಿ, ಪೋಷಕರಿಗೆ ಹೋಗುವ ನೋಟಿಸ್, ಎಲ್ಲಾ ನನ್ನ ಕೈ ದಾಟಿಯೇ ಹೋಗಬೇಕು. ಟೀಚರ್ ಬರೆದದ್ದನ್ನು ಮತ್ತೆ ನಾನೇ ಬರೆಯುತ್ತೇನೆ. ರಾತ್ರಿ ಹತ್ತಕ್ಕೂ ಗ್ರೂಪಿಗೆ ಮೆಸೇಜ್ ಹಾಕುತ್ತೇನೆ. 'ಸರ್‌ಗೆ ಓಸಿಡಿ' ಅಂತ ಸ್ಟಾಫ್ ರೂಮಿನಲ್ಲಿ ಮಾತಾಡುತ್ತಾರಂತೆ. ನಿಜವಾ?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್): ನಮಸ್ತೆ ಸರ್. ಓಸಿಡಿ ಅಂದರೆ ಗೀಳು ಕಾಯಿಲೆ. ಅದರಲ್ಲಿ ಬೇಡದ ಯೋಚನೆಗಳು ಮತ್ತೆ ಮತ್ತೆ ನುಗ್ಗುತ್ತವೆ, ಅದು ಕಾಯಿಲೆ ಇರುವವರಿಗೇ ಹಿಂಸೆ. ನೀವು ಹೇಳಿದ್ದು ಬೇರೆ. ಎಲ್ಲಾ ಸರಿಯಾಗಿರಬೇಕು, ಅದೂ ನನ್ನ ರೀತಿಯಲ್ಲೇ ಅನ್ನುವ ಸ್ವಭಾವ. ಇದು ತೀರಾ ಜಾಸ್ತಿಯಾದರೆ ಓಸಿಪಿಡಿ ಅನ್ನುತ್ತೇವೆ, ಅದು ವ್ಯಕ್ತಿತ್ವಕ್ಕೆ ಸಂಬಂಧಿಸಿದ ತೊಂದರೆ. ಮಾನಸಿಕ ಕಾಯಿಲೆಗಳನ್ನು ಗುರುತಿಸಲು ತಜ್ಞರು ಬಳಸುವ 2013ರ ಡಿಎಸ್‌ಎಂ-5 ಕೈಪಿಡಿಯಲ್ಲಿ ಇದಕ್ಕೆ 8 ಲಕ್ಷಣಗಳಿವೆ, ಕನಿಷ್ಠ 4 ಇರಬೇಕು. ಅದೂ ಯೌವನದಿಂದಲೇ, ಮನೆಯಲ್ಲೂ ಕೆಲಸದಲ್ಲೂ. ಕೆಲಸವನ್ನು ಇನ್ನೊಬ್ಬರಿಗೆ ಬಿಟ್ಟುಕೊಡಲು ಆಗದಿರುವುದು ಅವುಗಳಲ್ಲಿ ಒಂದು ಅಷ್ಟೇ. ಅದೊಂದನ್ನೇ ನೋಡಿ ಕಾಯಿಲೆ ಅನ್ನಲು ಆಗುವುದಿಲ್ಲ.

ಎಷ್ಟು ಸಲ ಚೆಕ್ ಮಾಡುತ್ತೀರಿ ಅಂತ ಎಣಿಸಬೇಡಿ. ಮಾಡದೆ ಬಿಟ್ಟರೆ ಒಳಗೆ ಏನಾಗುತ್ತದೆ, ಅದನ್ನು ನೋಡಿ. ಎಸ್‌ಎಸ್‌ಎಲ್‌ಸಿ ಪಟ್ಟಿಯಲ್ಲಿ ಮಗುವಿನ ಹೆಸರು, ಹುಟ್ಟಿದ ದಿನಾಂಕ ಎರಡು ಸಲ ನೋಡಲೇಬೇಕು. ತಪ್ಪಾದರೆ ಆ ಮಗು ಮುಂದೆ ಕಚೇರಿ ಕಚೇರಿ ಅಲೆಯಬೇಕಾಗುತ್ತದೆ. ಆದರೆ ಕ್ರೀಡಾಕೂಟದ ನೋಟಿಸಿನಲ್ಲಿ ವಾಕ್ಯ ಸ್ವಲ್ಪ ಬೇರೆ ಥರ ಇದ್ದರೆ ಯಾರಿಗೂ ನಷ್ಟವಿಲ್ಲ, ಅಲ್ವಾ? ಆದರೂ ತಿದ್ದದೆ ಇರಲು ಆಗುತ್ತಿಲ್ಲ ಅಂದರೆ ಅದು ಆತಂಕ. ತಿದ್ದಿದ ಕೂಡಲೇ ಸಮಾಧಾನ ಸಿಗುತ್ತದೆ. ಆ ಸಮಾಧಾನವೇ ಚಟ ಹಿಡಿಸುತ್ತದೆ, ಮುಂದಿನ ಸಲ ಸುಮ್ಮನಿರುವುದು ಇನ್ನೂ ಕಷ್ಟವಾಗುತ್ತದೆ.

ಟೀಚರ್‌ಗಳನ್ನೂ ಗಮನಿಸಿ. 'ಹೇಗೂ ಸರ್ ತಿದ್ದುತ್ತಾರೆ' ಅಂತ ಅರ್ಧಂಬರ್ಧ ಬರೆದು ಕೊಡುತ್ತಿದ್ದಾರಾ? ತಪ್ಪಾದಾಗ ನಿಮಗೆ ಹೇಳದೆ ಮುಚ್ಚಿಡುತ್ತಿದ್ದಾರಾ? ನನಗೆ ಹೆಚ್ಚು ಚಿಂತೆ ಇರುವುದು ಈ ಎರಡನೆಯದರ ಬಗ್ಗೆ.

ಪ್ರಶ್ನೆ: ಮೇಡಂ, ಮೊದಲು ಮೀಟಿಂಗಿನಲ್ಲಿ ಮಾತಾಡುತ್ತಿದ್ದವರು ಈಗ ಬರೀ 'ಆಯ್ತು ಸರ್' ಅನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಸಣ್ಣದರಿಂದ ಶುರು ಮಾಡಿ ಸರ್. ಈ ವಾರ ಒಂದು ಮಾಮೂಲಿ ನೋಟಿಸನ್ನು ಒಂದೇ ಸಲ ಓದಿ, ತಿದ್ದದೆ ಸಹಿ ಹಾಕಿ. ಚಡಪಡಿಕೆ ಆಗುತ್ತದೆ. ಏನೂ ಮಾಡದೆ ಸುಮ್ನೆ ಇರಿ, ಅದು ತಾನಾಗಿಯೇ ಇಳಿಯುತ್ತದೆ. ರಾತ್ರಿ ನೆನಪಾದದ್ದನ್ನು ಡೈರಿಯಲ್ಲಿ ಬರೆದಿಟ್ಟು ಬೆಳಿಗ್ಗೆ ಕಳಿಸಿ. ಮೀಟಿಂಗಿನಲ್ಲಿ ನೀವು ಕೊನೆಗೆ ಮಾತಾಡಿ. ನಿದ್ದೆ ಕೆಡುತ್ತಿದ್ದರೆ, ಮನೆಯವರೂ ಇದನ್ನೇ ಹೇಳುತ್ತಿದ್ದರೆ, ತಡ ಮಾಡದೆ ಯಾರಾದರೂ ಮನೋತಜ್ಞರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.