ಮಲ್ಟಿಲೈನ್‌ಸ್ಟ್ರಿಂಗ್‌ಗೆ ‘ತುಂಡುಗೆರೆ’ ಸಲ್ಲದು

ಮಾನ್ಯರೇ,

ನಕ್ಷೆ ತಂತ್ರಾಂಶದಲ್ಲಿ ಹಲವು ಗೆರೆಗಳನ್ನು ಒಂದೇ ವಸ್ತುವಾಗಿ ದಾಖಲಿಸುವ ‘ಮಲ್ಟಿಲೈನ್‌ಸ್ಟ್ರಿಂಗ್’ ಎಂಬ ಪ್ರಕಾರಕ್ಕೆ, ಮೆನುವಿನಲ್ಲಿ ಹಾಕಲು ಸಂಜೆಯೊಳಗೆ ಕನ್ನಡ ಪದ ಬೇಕೆಂದು ಕೇಳಿದ್ದೀರಿ. ಆದ್ದರಿಂದ ನನ್ನ ಸಲಹೆಯನ್ನು ಮೊದಲೇ ಹೇಳುತ್ತೇನೆ: ‘ಗೆರೆಗೊಂಚಲು’. ಇದುವರೆಗೆ ಬಂದಿರುವ ‘ತುಂಡುಗೆರೆ’, ‘ಬಿಡಿಗೆರೆ’, ‘ಬಹುಗೆರೆ’, ‘ಹಲಗೆರೆ’ ಎಂಬ ಸಲಹೆಗಳಲ್ಲಿ ಯಾವುದನ್ನೂ, ಇಂಗ್ಲಿಷ್ ಪದವನ್ನೇ ಉಳಿಸಿಕೊಳ್ಳೋಣ ಎಂಬ ಮಾತನ್ನೂ ನಾನು ಒಪ್ಪಲಾರೆ.

‘ತುಂಡುಗೆರೆ’ ತಪ್ಪು. ಕಾಲುದಾರಿಗೋ ಗಡಿಗೋ ಬಿಟ್ಟುಬಿಟ್ಟು ಎಳೆಯುವ ಗೆರೆ ಅದು. ಅಲ್ಲಿ ತುಂಡಾಗಿರುವುದು ಚಿತ್ರಣವೇ ಹೊರತು ದತ್ತಾಂಶವಲ್ಲ. ನಾವು ಹೆಸರಿಡಬೇಕಾದದ್ದು ಒಂದೇ ದಾಖಲೆಯಡಿ ಬರುವ ಹಲವು ಗೆರೆಗಳಿಗೆ. ಪನಾಮಾ ಮತ್ತು ಕೊಲಂಬಿಯಾಗಳ ನಡುವಿನ ಡೇರಿಯನ್ ಕಾಡಿನಲ್ಲಿ ಸುಮಾರು 100 ಕಿಲೋಮೀಟರ್ ದೂರ ರಸ್ತೆಯೇ ಇಲ್ಲದಿದ್ದರೂ ಪ್ಯಾನ್ ಅಮೆರಿಕನ್ ಹೆದ್ದಾರಿಯನ್ನು ಒಂದೇ ವಸ್ತುವಾಗಿ ದಾಖಲಿಸಬಹುದು. ಅಮೆರಿಕದ 84ನೇ ಅಂತರರಾಜ್ಯ ಹೆದ್ದಾರಿಯ ಸ್ಥಿತಿ ಬೇರೆ: ಪಶ್ಚಿಮದಲ್ಲಿ ಆರೆಗಾನ್‌ನಿಂದ ಯೂಟಾಕ್ಕೆ ಹೋಗುವುದೂ ಪೂರ್ವದಲ್ಲಿ ಪೆನ್ಸಿಲ್ವೇನಿಯಾದಿಂದ ಮ್ಯಾಸಚೂಸೆಟ್ಸ್‌ಗೆ ಹೋಗುವುದೂ ಸಂಖ್ಯೆಯೊಂದನ್ನು ಬಿಟ್ಟರೆ ಒಂದಕ್ಕೊಂದು ಸಂಬಂಧವಿಲ್ಲದ ಎರಡು ರಸ್ತೆಗಳು. ಹೆಸರೂ ಸಂಖ್ಯೆಯೂ ಗೆರೆಗಳನ್ನು ಒಂದಾಗಿಸುವುದಿಲ್ಲ. ದಾಖಲಿಸುವವರ ತೀರ್ಮಾನ ಒಂದಾಗಿಸುತ್ತದೆ.

‘ಬಿಡಿಗೆರೆ’ ಎಂದವರು ಈ ಗೆರೆಗಳು ಬೇರೆಬೇರೆಯಾಗಿಯೇ ಇರಬೇಕೆಂದು ಭಾವಿಸಿದ್ದಾರೆ. ಹಾಗೇನೂ ಇಲ್ಲ. ಶಿವನಸಮುದ್ರದ ಬಳಿ ಕಾವೇರಿ ಎರಡು ಕವಲಾಗಿ, ಗಗನಚುಕ್ಕಿ ಮತ್ತು ಭರಚುಕ್ಕಿಗಳಲ್ಲಿ ಧುಮುಕಿ, ಕೆಳಗೆ ಮತ್ತೆ ಒಂದಾಗುತ್ತದೆ. ಕವಲಿನ ಮೇಲಣ ಹರಿವು, ಎರಡು ಕವಲು, ಕೂಡಿದ ನಂತರದ ಹರಿವು ಇವಿಷ್ಟನ್ನೂ ಎಳೆದ ಗೆರೆಯ ಮೇಲೆ ಮತ್ತೆ ಎಳೆಯದೆ ಒಂದೇ ಎಳೆತದಲ್ಲಿ ಬರೆಯಲು ಸಾಧ್ಯವಿಲ್ಲ. ಆದ್ದರಿಂದ ಇಲ್ಲಿಯೂ ಹಲವು ಗೆರೆಗಳು ಬೇಕು, ಆದರೆ ಅವೆಲ್ಲ ಒಂದನ್ನೊಂದು ಮುಟ್ಟಿಕೊಂಡೇ ಇರುತ್ತವೆ. ‘ಬಿಡಿ’ ಎಂದರೆ ಕಾವೇರಿಗೆ ಸುಳ್ಳಾಗುತ್ತದೆ.

‘ಬಹುಗೆರೆ’ ಅರಿಸಮಾಸ, ಅಂದರೆ ಸಂಸ್ಕೃತದ ‘ಬಹು’ವಿಗೆ ಕನ್ನಡದ ‘ಗೆರೆ’ ಬೆಸೆದ, ವ್ಯಾಕರಣ ಒಪ್ಪದ ಸಮಾಸ. ಈ ಕಾಲದಲ್ಲಿ ಅದನ್ನೆಲ್ಲ ಯಾರು ನೋಡುತ್ತಾರೆ ಎನ್ನುವುದು ವಾದವೇ ಅಲ್ಲ. ಬಿರುದಾವಳಿಗೂ ಹಿಂದಿನ ಕವಿಗಳ ಪ್ರಯೋಗಕ್ಕೂ ಹಳಗನ್ನಡದ ವ್ಯಾಕರಣಕಾರ ಕೇಶಿರಾಜ ಕೊಟ್ಟ ವಿನಾಯಿತಿ ನಾವು ಇಂದು ಹೊಸದಾಗಿ ಕಟ್ಟುವ ಪದಕ್ಕೆ ಅನ್ವಯಿಸುವುದಿಲ್ಲ. ಅದನ್ನು ತಿದ್ದಿ ‘ಬಹುರೇಖೆ’ ಎಂದರೆ ಪಾಲಿಲೈನ್‌ನೊಂದಿಗೆ, ಅಂದರೆ ನೇರ ತುಂಡುಗಳು ಒಂದರ ತುದಿಗೆ ಒಂದು ಸೇರಿ ಆಗುವ ಒಂದೇ ಗೆರೆಯೊಂದಿಗೆ, ಗೊಂದಲವಾಗುತ್ತದೆ. ಇನ್ನು ‘ಹಲಗೆರೆ’ಯನ್ನು ಓದುಗರು ದಾವಣಗೆರೆಯ ಹಾಗೆ ಊರಿನ ಹೆಸರೆಂದೇ ತಿಳಿಯುತ್ತಾರೆ, ನಕ್ಷೆಯ ಮೇಲಂತೂ ಅದು ಕೂಡದು.

ಗೊಂಚಲಿನಲ್ಲಿ ಹಣ್ಣುಗಳು ಒಂದಕ್ಕೊಂದು ತಾಗಿದರೂ ತಾಗದಿದ್ದರೂ ಅವುಗಳನ್ನು ಹಿಡಿದಿರುವ ತೊಟ್ಟು ಒಂದೇ. ಇಲ್ಲಿ ಆ ತೊಟ್ಟು ಗುಣಲಕ್ಷಣಗಳ ಕೋಷ್ಟಕದ, ಅಂದರೆ ವಸ್ತುವಿನ ಹೆಸರು, ಉದ್ದ ಮುಂತಾದ ವಿವರಗಳನ್ನು ಬರೆದಿಡುವ ಪಟ್ಟಿಯ, ಒಂದು ಸಾಲು. ಹಲವು ಎಂಬುದನ್ನೂ ಒಂದು ಎಂಬುದನ್ನೂ ಒಟ್ಟಿಗೆ ಹೇಳುವ ಇಂಥ ಅಚ್ಚಗನ್ನಡ ಪದ ಕೈಯಲ್ಲಿರುವಾಗ, ಇಂಗ್ಲಿಷಿನದನ್ನೇ ಕನ್ನಡ ಲಿಪಿಯಲ್ಲಿ ಬರೆದರೆ ಸಾಕೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಕಡತದ ಒಳಗಿನ ಮಾತು ಬೇರೆ. ನಕ್ಷೆಯ ದತ್ತಾಂಶವನ್ನು ಬರೆದಿಡುವ ಕಡತ ವಿನ್ಯಾಸವಾದ ಜಿಯೋಜೇಸನ್‌ನ 2016ರ ನಿರ್ದಿಷ್ಟತೆ ಗೊತ್ತುಪಡಿಸಿರುವ ‘MultiLineString’ ಎಂಬ ಪ್ರಕಾರದ ಹೆಸರನ್ನು ಅನುವಾದಿಸಿದರೆ ತಂತ್ರಾಂಶಕ್ಕೆ ಅದನ್ನು ಓದಲಾಗದು. ಅದನ್ನು ಇದ್ದ ಹಾಗೆಯೇ ಬಿಡಿ. ತೆರೆಯ ಮೇಲೆ ಜನ ಓದುವುದು ಮಾತ್ರ ಕನ್ನಡವಾಗಿರಲಿ.

ಬಿಡಿ ಭಾಗಗಳಾಗಿ ಒಡೆಯುವ ಆದೇಶಕ್ಕೆ ‘ಗೊಂಚಲು ಬಿಡಿಸು’ ಎಂದೂ ಮತ್ತೆ ಸೇರಿಸುವುದಕ್ಕೆ ‘ಗೊಂಚಲು ಕಟ್ಟು’ ಎಂದೂ ಹಾಕಿ. ಬಿಡಿಸುವಾಗ ಮೂಲದ ಸಾಲು ಪ್ರತಿಯೊಂದು ಭಾಗಕ್ಕೂ ನಕಲಾಗುವುದರಿಂದ, ಒಟ್ಟು ಉದ್ದವನ್ನು ಅದರಲ್ಲಿ ಬರೆದಿಟ್ಟವರು ಆ ಭಾಗಗಳ ಉದ್ದವನ್ನು ಕೂಡಿ ನೋಡಿದರೆ ಲೆಕ್ಕ ಹಲವು ಪಟ್ಟು ಬರುತ್ತದೆ. ಆ ಎಚ್ಚರಿಕೆಯ ಸಾಲನ್ನೂ ಆದೇಶದ ಕೆಳಗೆ ಕನ್ನಡದಲ್ಲಿಯೇ ಸೇರಿಸಿ.